ನೀಲಿ ಕಡಲು, ಕರಿ ಹೊಗೆ: ರಿಚರ್ಡ್ ಯೂರಿಚ್ ಬರೆದ ಡಂಕರ್ಕ್



ನಮ್ಮ ಈ ಪತ್ರದಲ್ಲಿ ಸಾಮಾನ್ಯವಾಗಿ ಕತೆ, ಕವನ, ಕಾದಂಬರಿಗಳ ಮಾತು ಬರುತ್ತದೆ. ಈ ಸಲ ಒಂದು ವರ್ಣಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ಚಿತ್ರಕಲೆಯಲ್ಲಿ ನನಗೆ ಯಾವ ಪದವಿಯೂ ಇಲ್ಲ. ಓದಿದ್ದು ಕಂಪ್ಯೂಟರ್ ಸೈನ್ಸ್, ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್. ಆದರೂ ಕತೆಯನ್ನು ಓದುವ ಹಾಗೆ ಚಿತ್ರವನ್ನೂ ಓದಬಹುದು. ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಕೇಳುತ್ತ ಹೋಗಬಹುದು ಎಂಬ ನಂಬಿಕೆಯಿಂದ ಈ ಸಾಹಸ.

ಚಿತ್ರದ ಹೆಸರು ‘ವಿದ್‌ಡ್ರಾಯಲ್ ಫ್ರಮ್ ಡಂಕರ್ಕ್’. ಬರೆದವರು ರಿಚರ್ಡ್ ಯೂರಿಚ್ (1903-1992). ಬರೆದದ್ದು 1940ರಲ್ಲಿ, ಘಟನೆ ನಡೆದ ಕೆಲವೇ ತಿಂಗಳಲ್ಲಿ. ಈಗ ಅದು ಗ್ರಿನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಚಿತ್ರ ದೊಡ್ಡದೇನಲ್ಲ, ಅಗಲ ಸುಮಾರು ಒಂದು ಮೀಟರ್. ಸಂಗ್ರಹಾಲಯದ ವೆಬ್‌ಸೈಟಿನಲ್ಲಿ ಅದರ ಪ್ರತಿ ಸಿಗುತ್ತದೆ. ಓದುವಾಗ ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಒಳ್ಳೆಯದು.

ಬ್ರಿಟನ್ನಿನಲ್ಲಿ ನೆಲೆಸಿರುವ ನಮಗೆ ಡಂಕರ್ಕ್ ಹೊಸ ಹೆಸರಲ್ಲ. ಪೌರತ್ವಕ್ಕಾಗಿ ‘ಲೈಫ್ ಇನ್ ದ ಯುಕೆ’ ಪರೀಕ್ಷೆಗೆ ಕೂತವರು ‘ಡಂಕರ್ಕ್ ಸ್ಪಿರಿಟ್’ ಎಂಬ ಮಾತನ್ನು ಗಟ್ಟಿ ಮಾಡಿಯೇ ಹೋಗಿರುತ್ತೀರಿ. ಬೇರೆ ದೇಶಗಳಲ್ಲಿರುವ ಗೆಳೆಯರಿಗಾಗಿ ಎರಡು ಸಾಲು: 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನಲ್ಲಿ ಬ್ರಿಟಿಷ್ ಹಾಗೂ ಫ್ರೆಂಚ್ ಪಡೆಗಳನ್ನು ಕಡಲಿನ ಅಂಚಿಗೆ ತಳ್ಳಿತು. ಮೇ 26ರಿಂದ ಜೂನ್ 4ರವರೆಗೆ ಡಂಕರ್ಕ್ ಬಂದರಿನಿಂದಲೂ ಪಕ್ಕದ ಮರಳ ದಂಡೆಯಿಂದಲೂ 3,38,226 ಸೈನಿಕರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ತಂದರು. ಇವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಫ್ರೆಂಚರು. ಸುಮಾರು 64,000 ವಾಹನಗಳು, ಸುಮಾರು 2,500 ಫಿರಂಗಿಗಳು ಅಲ್ಲೇ ಉಳಿದವು. ಜನ ಉಳಿದರು, ಸೇನೆಯ ಸಾಮಾನೆಲ್ಲ ಹೋಯಿತು. ಇಂಥ ತೆರವುಗಳಿಂದ ಯುದ್ಧ ಗೆಲ್ಲಲಾಗದು ಎಂದು ಚರ್ಚಿಲ್ ಜೂನ್ 4ರಂದೇ ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದ್ದರು.

ಚಿತ್ರದ ಹೆಸರಿನಿಂದಲೇ ಶುರು ಮಾಡೋಣ. ‘ವಿದ್‌ಡ್ರಾಯಲ್’ ಎಂಬ ಪದವನ್ನು ಕನ್ನಡಕ್ಕೆ ಹೇಗೆ ತರುತ್ತೀರಿ? ಹಿಂದೆಗೆತ ಎಂದರೆ ಸೇನಾಪತಿಯ ದನಿ ಬರುತ್ತದೆ. ಪಲಾಯನ ಎಂದರೆ ಎದುರಾಳಿಯ ದನಿ. ತೆರವು ಎಂದರೆ ಜಿಲ್ಲಾಧಿಕಾರಿಯ ಕಚೇರಿಯ ದನಿ. ಪಾರಾದದ್ದು ಎಂದರೆ ಮನೆಯಲ್ಲಿ ಕಾಯುತ್ತಿದ್ದ ತಾಯಿಯ ದನಿ. ಒಂದೇ ಘಟನೆಗೆ ನಾಲ್ಕು ಪದ, ನಾಲ್ಕು ನಿಲುವು. ಯೂರಿಚ್‌ರ ಚಿತ್ರಕ್ಕೆ ಸಿಕ್ಕಿದ ಹೆಸರು ಮೊದಲನೆಯದು. ಚಿತ್ರದೊಳಗೂ ಆ ದನಿಯೇ ಇದೆಯೇ ಎಂಬುದು ನನ್ನ ಪ್ರಶ್ನೆ.

ಕಣ್ಣಿಗೆ ಮೊದಲು ಬೀಳುವುದು ಎರಡು ಬಣ್ಣ. ಕೆಳಗೆ ತಣ್ಣಗೆ ಹರಡಿದ ನೀಲಿ ಕಡಲು. ಅದರಾಚೆ ಉರಿಯುತ್ತಿರುವ ಊರಿನಿಂದ ಎದ್ದು ಆಕಾಶವನ್ನು ತುಂಬುವ ಕರಿ ಹೊಗೆ. ನಡುವೆ ದೊಡ್ಡ ಹಡಗುಗಳು, ಸಣ್ಣ ದೋಣಿಗಳು, ಇರುವೆಗಳಂತೆ ಜನ. ಯಾರ ಮುಖವೂ ಕಾಣುವುದಿಲ್ಲ. ರಕ್ತವನ್ನು ಹುಡುಕಿದರೂ ಸಿಗದು. ಹೊಗೆಯೊಂದಿಲ್ಲದಿದ್ದರೆ ಯಾವುದೋ ಕಡಲತೀರದ ಜಾತ್ರೆ ಎಂದುಕೊಳ್ಳಬಹುದಾಗಿತ್ತು. ಮೊದಲ ನೋಟಕ್ಕೆ ನಮ್ಮ ಮನಸ್ಸು ಹೇಳುವುದು ಇಷ್ಟೇ: ಯುದ್ಧ ಹೀಗಿರುವುದಿಲ್ಲ, ಇದು ಸರ್ಕಾರಿ ಚಿತ್ರ, ಸೋಲಿಗೆ ಸುಣ್ಣ ಬಳಿದಿದ್ದಾರೆ.

ಆದರೆ ಇತಿಹಾಸವನ್ನು ಕೆದಕಿದರೆ ಸಂಗತಿ ತಲೆಕೆಳಗಾಗುತ್ತದೆ. ಆ ದಿನಗಳಲ್ಲಿ ಇಂಗ್ಲಿಷ್ ಕಾಲುವೆ ನಿಜಕ್ಕೂ ಅಪರೂಪಕ್ಕೆ ಶಾಂತವಾಗಿತ್ತು. ಕಡಲು ತನ್ನ ಮಾಮೂಲಿ ಸ್ವಭಾವ ತೋರಿಸಿದ್ದರೆ ನದಿಯಲ್ಲಿ ವಿಹಾರಕ್ಕೆಂದು ಕಟ್ಟಿದ ದೋಣಿಗಳು ಆ ದಂಡೆಯ ಹತ್ತಿರ ಸುಳಿಯಲೂ ಆಗುತ್ತಿರಲಿಲ್ಲ. ಹೊಗೆಯದೂ ಹಾಗೇ. ಬಂದರಿನ ಎಣ್ಣೆ ಟ್ಯಾಂಕುಗಳು ಉರಿದು ಎದ್ದ ಹೊಗೆ ನೋಡುವವರಿಗೆ ಭಯಂಕರ. ಆದರೆ ಕೆಳಗೆ ನಿಂತವರಿಗೆ ಎಷ್ಟೋ ಸಲ ಅದೇ ಕೊಡೆ. ಬಾಂಬು ಹಾಕಲು ಬಂದ ವಿಮಾನಗಳಿಗೆ ಹಡಗುಗಳು ಕಾಣದಂತೆ ಮರೆ ಮಾಡಿದ್ದು ಅದೇ. ಅಂದರೆ ನಾವು ಅಲಂಕಾರ ಎಂದುಕೊಂಡ ನೀಲಿಯೂ, ದುಷ್ಟಪಾತ್ರ ಎಂದುಕೊಂಡ ಕಪ್ಪೂ ಸೇರಿಯೇ ಆ ಜನರನ್ನು ಉಳಿಸಿದವು. ಬಣ್ಣದ ವಿಷಯದಲ್ಲಿ ಯೂರಿಚ್ ಸುಳ್ಳು ಹೇಳಿಲ್ಲ.

ಹಾಗಿದ್ದರೆ ಚಿತ್ರ ನೋಡುವಾಗ ಆಗುವ ಕಸಿವಿಸಿಗೆ ಕಾರಣವೇನು? ನನಗನಿಸುವುದು, ಚಿತ್ರ ನೋಡುತ್ತಿರುವ ಕಣ್ಣಿನ ಎತ್ತರ. ನೀರಿನ ಮಟ್ಟದಲ್ಲಿ ನಿಂತವನಿಗೆ ಹೀಗೆ ಕಾಣುವುದಿಲ್ಲ. ಒಂದು ಹಡಗಿನ ಹಿಂದೆ ಇನ್ನೊಂದು ಮರೆಯಾಗಿ, ಮುಂದೆ ನಿಂತವನ ಬೆನ್ನು, ಪಕ್ಕದವನ ಹೆಲ್ಮೆಟ್ ಇಷ್ಟೇ ಕಾಣುತ್ತಿತ್ತು. ಯೂರಿಚ್ ನಮ್ಮನ್ನು ಮೇಲಕ್ಕೆತ್ತಿ, ದಂಡೆ, ಬಂದರು, ಹಡಗು, ಆಕಾಶ ಎಲ್ಲವನ್ನೂ ಒಂದೇ ಸಲ ತೋರಿಸುತ್ತಾರೆ. ಅವತ್ತು ಅಷ್ಟು ಎತ್ತರದಲ್ಲಿ ಇದ್ದವರು ಯಾರು? ವಿಮಾನದಲ್ಲಿದ್ದವರು ಮಾತ್ರ. ಬಾಂಬು ಹಾಕಲು ಬಂದ ಜರ್ಮನ್ ಪೈಲಟ್‌ಗೆ ಕಾಣುವಂಥ ನೋಟವನ್ನು ತೆಗೆದುಕೊಂಡು ಇಂಗ್ಲೆಂಡಿನ ಜನರಿಗೆ ಸಮಾಧಾನ ಹೇಳುವ ಚಿತ್ರ ಬರೆದಿದ್ದಾರೆ! ಇದನ್ನು ಗಮನಿಸಿದ ಮೇಲೆ ಚಿತ್ರವನ್ನು ಮೊದಲಿನ ಹಾಗೆ ನೋಡಲು ನನಗಂತೂ ಆಗಿಲ್ಲ.

ಹಾಗೆಂದು ಈ ಎತ್ತರ ಯೂರಿಚ್‌ರ ಸ್ವಂತ ಆವಿಷ್ಕಾರವಲ್ಲ, ಕಡಲ ಚಿತ್ರಕಾರರ ಹಳೆಯ ರೂಢಿ. ಹಾಲೆಂಡಿನ ವಿಲ್ಲೆಮ್ ವಾನ್ ಡೆ ವೆಲ್ಡೆ ಎಂಬ ಹೆಸರಿನ ಅಪ್ಪ-ಮಗ ಇಬ್ಬರನ್ನು ಎರಡನೆಯ ಚಾರ್ಲ್ಸ್ ದೊರೆ 1674ರಲ್ಲಿ ವರ್ಷಕ್ಕೆ ತಲಾ ನೂರು ಪೌಂಡ್ ಸಂಬಳದ ಮೇಲೆ ಇಟ್ಟುಕೊಂಡ. ಅಪ್ಪನ ಕೆಲಸ ಕಡಲ ಕಾಳಗಗಳ ರೇಖಾಚಿತ್ರ ಬರೆಯುವುದು, ಮಗನ ಕೆಲಸ ಅವಕ್ಕೆ ಬಣ್ಣ ತುಂಬುವುದು. ಅಪ್ಪ ಹಾಲೆಂಡಿನಲ್ಲಿದ್ದಾಗಲೇ ಸಣ್ಣ ದೋಣಿಯಲ್ಲಿ ಕಾಳಗದ ನಡುವೆ ಹೋಗಿ ಕಣ್ಣಾರೆ ಕಂಡು ಗೀಚಿಕೊಂಡು ಬಂದವನು. ಅವರಿಗೆ ಕೆಲಸದ ಕೋಣೆ ಕೊಟ್ಟದ್ದು ಗ್ರಿನಿಚ್‌ನ ಕ್ವೀನ್ಸ್ ಹೌಸ್‌ನಲ್ಲಿ. ಇವತ್ತು ಆ ಕಟ್ಟಡ ಯೂರಿಚ್‌ರ ಚಿತ್ರವನ್ನು ಇಟ್ಟುಕೊಂಡಿರುವ ಸಂಗ್ರಹಾಲಯಕ್ಕೇ ಸೇರಿದೆ. ಮುಂದೆ ಟರ್ನರ್ 1822ರಿಂದ 1824ರವರೆಗೆ ಬರೆದ ಟ್ರಫಾಲ್ಗರ್ ಚಿತ್ರವೂ ಅಲ್ಲಿಯೇ ಇದೆ. ಬೇರೆ ಬೇರೆ ಗಳಿಗೆಯಲ್ಲಿ ನಡೆದದ್ದನ್ನು ಒಂದೇ ಗಳಿಗೆಯಲ್ಲಿ ತುರುಕಿದ್ದಾನೆ ಎಂದು ಆ ಕಾಲದ ನಾವಿಕರು ಆ ಚಿತ್ರದ ಮೇಲೆ ಹರಿಹಾಯ್ದಿದ್ದರು.

ಯೂರಿಚ್ ತಮ್ಮನ್ನು ಈ ಸಾಲಿನಲ್ಲೇ ನಿಲ್ಲಿಸಿಕೊಂಡವರು. ಡಂಕರ್ಕ್ ಸುದ್ದಿ ಬಂದಾಗ ಅವರು ಸೌತಾಂಪ್ಟನ್ ಹತ್ತಿರ ಹ್ಯಾಂಪ್‌ಶೈರ್‌ನಲ್ಲಿ ಮನೆ ಮಾಡಿಕೊಂಡಿದ್ದರು. ಕೆನೆತ್ ಕ್ಲಾರ್ಕ್ ನೇತೃತ್ವದ ಯುದ್ಧ ಕಲಾವಿದರ ಸಲಹಾ ಸಮಿತಿಗೆ ತಾವೇ ಕಾಗದ ಬರೆದು, ವಾನ್ ಡೆ ವೆಲ್ಡೆ ಮತ್ತು ಟರ್ನರ್‌ರ ಕಡಲಚಿತ್ರದ ಸಂಪ್ರದಾಯ ಮುಂದುವರಿಯಬೇಕು, ನಮ್ಮ ಪರಂಪರೆಗೆ ಈ ಘಟನೆಯ ದಾಖಲೆ ಸೇರಬೇಕು, ಇದನ್ನು ಬರೆಯಲು ನನಗೆ ಅವಕಾಶ ಕೊಡಿ ಎಂಬರ್ಥದಲ್ಲಿ ಕೇಳಿಕೊಂಡರು. ಆದರೆ ಅವರಿಗೆ ಕಾಳಗದ ನಡುವೆ ಹೋಗಿ ಗೀಚಿಕೊಂಡು ಬರುವ ಅಪ್ಪ ಇರಲಿಲ್ಲ. ಸ್ವತಃ ಡಂಕರ್ಕ್‌ಗೆ ಹೋಗಿರಲಿಲ್ಲ. ಪತ್ರಿಕೆಯಲ್ಲಿ ಬಂದ ಫೋಟೋ, ಮರಳಿ ಬಂದವರು ಹೇಳಿದ ಮಾತು, ಹಡಗು-ದೋಣಿಗಳ ಬಗ್ಗೆ ತಮಗಿದ್ದ ತಿಳಿವಳಿಕೆ, ಇಷ್ಟೇ ಬಂಡವಾಳ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಹಲವು ದಿನಗಳ ಲಾಗ್ ಫೈಲುಗಳನ್ನು ಓದಿ ಒಂದೇ ಪರದೆಯ ಮೇಲೆ ಎಲ್ಲ ಕಾಣುವಂತೆ ಮಾಡಿದ್ದಾರೆ. ಅಂಥ ಪರದೆ ಬಹಳ ಉಪಯುಕ್ತ. ಯಾವುದು ಎಲ್ಲಿ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಯಾವ ಬಳಕೆದಾರನ ಅನುಭವವೂ ಅದರಲ್ಲಿ ಇರುವುದಿಲ್ಲ.

ಆ ಬಳಕೆದಾರನ ಅನುಭವ ಎಂಥದ್ದಿತ್ತು? ಸಣ್ಣ ದೋಣಿಗಳ ಕತೆ ಎಲ್ಲರಿಗೂ ಗೊತ್ತು. ಲೆಕ್ಕ ನೋಡಿದರೆ ದಂಡೆಯಿಂದ ಪಾರಾದವರು ಸುಮಾರು 99,000. ಬಂದರಿನಿಂದ ಪಾರಾದವರು 2,39,000ಕ್ಕೂ ಹೆಚ್ಚು. ಈ ಎರಡನೆಯವರಲ್ಲಿ ಬಹುಪಾಲು ಜನ ಹಡಗು ಹತ್ತಿದ್ದು ಪೂರ್ವದ ಅಲೆತಡೆ ಗೋಡೆಯ ಮೇಲಿನಿಂದ. ಮುಕ್ಕಾಲು ಮೈಲಿಗೂ ಉದ್ದದ ಆ ಗೋಡೆಯನ್ನು ಕಟ್ಟಿದ್ದು ಅಲೆ ತಡೆಯಲು, ಹಡಗು ಕಟ್ಟಲು ಅಲ್ಲ. ಮೇಲೆ ಕೆಲವೇ ಜನ ಸಾಲಾಗಿ ನಡೆಯಬಹುದಾದ ಮರದ ದಾರಿ. ಬಾಂಬು ಬಿದ್ದರೆ ಓಡಲು ಜಾಗವಿಲ್ಲ, ಎರಡೂ ಕಡೆ ನೀರು. ಅಲ್ಲಿ ಜನರನ್ನು ಸಾಲು ಹಿಡಿಸಿ ಹಡಗಿಗೆ ಹತ್ತಿಸುತ್ತಿದ್ದ ಕೆನಡಾ ಮೂಲದ ನೌಕಾ ಅಧಿಕಾರಿ ಜೇಮ್ಸ್ ಕ್ಯಾಂಪ್‌ಬೆಲ್ ಕ್ಲೌಸ್ಟನ್ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ಜೂನ್ 3ರಂದು ಸತ್ತರು. ಹಡಗು ಹತ್ತಿದವರೆಲ್ಲ ಪಾರಾದರು ಎಂದೂ ಅಲ್ಲ. ಮೇ 29ರಂದು ‘ವೇಕ್‌ಫುಲ್’ ಎಂಬ ಯುದ್ಧನೌಕೆ ಟಾರ್ಪಿಡೋ ಬಡಿದು ಮುಳುಗಿದಾಗ ಒಳಗಿದ್ದ 600ಕ್ಕೂ ಹೆಚ್ಚು ಸೈನಿಕರು ಸತ್ತರು. ಅವರನ್ನು ಸುರಕ್ಷಿತವಾಗಿರಲೆಂದು ಹಡಗಿನ ಕೆಳಗಿನ ಅಂತಸ್ತಿಗೆ ಕಳಿಸಿದ್ದರು.

ಇಂಥ ಯಾವ ಸಾವೂ ಯೂರಿಚ್‌ರ ಎತ್ತರಕ್ಕೆ ಕಾಣುವುದಿಲ್ಲ. ಈ ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಯುದ್ಧ ಕಲಾವಿದರ ಪ್ರದರ್ಶನದಲ್ಲಿ ತೂಗುಹಾಕಿದರು. ಆಗ ಆ ಗ್ಯಾಲರಿಯ ಗೋಡೆಗಳು ಖಾಲಿಯಾಗಿದ್ದವು. ಬಾಂಬಿಗೆ ಹೆದರಿ ಅಲ್ಲಿನ ಹಳೆಯ ಮಹಾಚಿತ್ರಗಳನ್ನೆಲ್ಲ ವೇಲ್ಸ್‌ಗೆ ಸಾಗಿಸಿದ್ದರು! ತೆರವಾದ ಗ್ಯಾಲರಿಯಲ್ಲಿ ತೆರವಿನ ಚಿತ್ರ. ಮಗನನ್ನು ಕಳೆದುಕೊಂಡವರೂ, ಮಗ ಮರಳಿ ಬಂದವರೂ ಅದರ ಮುಂದೆ ನಿಂತು ನೋಡಿರಬೇಕು. ಅವರಿಗೆ ಆಗ ಬೇಕಾಗಿದ್ದದ್ದು ವೇಕ್‌ಫುಲ್ ಹಡಗಿನ ಕೆಳಗಿನ ಅಂತಸ್ತಿನ ಚಿತ್ರ ಅಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಎಲ್ಲ ಚೆಲ್ಲಾಪಿಲ್ಲಿಯಾಗಿದ್ದಾಗ ಒಟ್ಟು ನೋಟ ಕೊಡುವುದೂ ಕಲೆಯ ಒಂದು ಕೆಲಸ, ಅದನ್ನು ಈ ಚಿತ್ರ ಅದ್ಭುತವಾಗಿ ಮಾಡಿದೆ. ಗಡಿಬಿಡಿಯಿಲ್ಲದ ಆ ಕುಂಚಕ್ಕೆ ನನ್ನ ಮೆಚ್ಚುಗೆ ಇದ್ದೇ ಇದೆ.

ಇದೇ ಯೂರಿಚ್‌ರ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. 1942ರಲ್ಲಿ ಬರೆದ ‘ಸರ್ವೈವರ್ಸ್ ಫ್ರಮ್ ಎ ಟಾರ್ಪಿಡೋಡ್ ಶಿಪ್’, ಈಗ ಟೇಟ್ ಸಂಗ್ರಹದಲ್ಲಿದೆ. ಅಷ್ಟರಲ್ಲಿ ಅವರು ನೌಕಾಪಡೆಯ ಅಧಿಕೃತ ಕಲಾವಿದರಾಗಿದ್ದರು. ಇಲ್ಲಿ ಸಾವಿರಾರು ಜನರಿಲ್ಲ. ಮಗುಚಿದ ದೋಣಿಗೆ ಜೋತುಬಿದ್ದ ಕೆಲವೇ ಮಂದಿ, ಸುತ್ತ ನೀರು. ಕಣ್ಣು ಕೆಳಗಿಳಿದಿದೆ. ಈ ಚಿತ್ರವನ್ನು ಸಾರ್ವಜನಿಕರಿಗೆ ತೋರಿಸಲು ಅಧಿಕಾರಿಗಳು ಬಿಡಲಿಲ್ಲ. ಸರಕು ಹಡಗುಗಳಲ್ಲಿ ದುಡಿಯುವವರ ಧೈರ್ಯ ಕುಗ್ಗೀತು ಎಂಬ ಅಂಜಿಕೆ. ಒಬ್ಬನೇ ಕಲಾವಿದ, ಅದೇ ಯುದ್ಧ, ಅದೇ ಕಡಲು. ಮೇಲಿನಿಂದ ನೋಡಿದ ಚಿತ್ರ ಗೋಡೆಗೆ ಹೋಯಿತು, ಹತ್ತಿರದಿಂದ ನೋಡಿದ ಚಿತ್ರ ಮರೆಗೆ ಹೋಯಿತು. ಅಧಿಕಾರಕ್ಕೆ ಯಾವ ಎತ್ತರ ಹಿತ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದವರು ಯಾರು? ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ಕಾಲು ಭಾಗ ‘ಲಾಸ್ಕರ್’ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಉಪಖಂಡದ ನಾವಿಕರು. ಒಲೆಗೆ ಕಲ್ಲಿದ್ದಲು ಹಾಕುವವರು, ಅಡುಗೆಯವರು, ಡೆಕ್ ಮೇಲೆ ಹಗ್ಗ ಎಳೆಯುವವರು. ಡಂಕರ್ಕ್‌ನ ದಂಡೆಯಲ್ಲೂ ನಮ್ಮವರಿದ್ದರು. ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೇನೆ ಮೋಟಾರುಗಳನ್ನು ನಂಬಿ ಕುದುರೆ, ಹೇಸರಗತ್ತೆಗಳನ್ನು ಬಿಟ್ಟಿತ್ತು. ಕೆಸರಿನಲ್ಲಿ, ಹಿಮದಲ್ಲಿ ಮೋಟಾರು ಓಡದ ಕಡೆ ಹೇಸರಗತ್ತೆಯೇ ಬೇಕೆಂದು ಅರಿವಾದಾಗ ಭಾರತದಿಂದ ಪಡೆ ತರಿಸಿದರು. ಅದಕ್ಕೆ ‘ಫೋರ್ಸ್ ಕೆ6’ ಎಂದು ಹೆಸರು. ಹೇಸರಗತ್ತೆಗಳನ್ನು ನಡೆಸುವ ನಾಲ್ಕು ಕಂಪನಿಗಳು ಬೊಂಬಾಯಿಯಿಂದ ಹೊರಟು 1939ರ ಡಿಸೆಂಬರ್ 26ರಂದು ಮಾರ್ಸೇಲ್ಸ್‌ನಲ್ಲಿ ಇಳಿದವು. ಬಹುಪಾಲು ಪಂಜಾಬಿನ ಮುಸ್ಲಿಮರು. 22ನೆಯ ಕಂಪನಿ 1940ರ ಜೂನ್‌ನಲ್ಲಿ ಜರ್ಮನರಿಗೆ ಸೆರೆಸಿಕ್ಕಿತು. ಉಳಿದ ಕಂಪನಿಗಳ ಕೆಲವು ನೂರು ಮಂದಿ ಡಂಕರ್ಕ್‌ನಿಂದ ಪಾರಾದರು. ತಿಂಗಳುಗಟ್ಟಲೆ ಜತೆಗಿದ್ದ ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಪಾರಾಗಿ ಬಂದ ಈ ಪಡೆ ವರ್ಷಗಳ ಕಾಲ ಬ್ರಿಟನ್ನಿನಲ್ಲೇ ಇತ್ತು. ಸ್ಕಾಟ್ಲೆಂಡಿನ ಕಿಂಗ್ಯೂಸಿ ಎಂಬ ಸಣ್ಣ ಊರಿನ ಸ್ಮಶಾನದಲ್ಲಿ ಅವರಲ್ಲಿ ಒಂಬತ್ತು ಜನರ ಗೋರಿಗಳಿವೆ. ಘೀ ಬೋಮನ್ ಎಂಬ ಇತಿಹಾಸಕಾರರು 2020ರಲ್ಲಿ ‘ದಿ ಇಂಡಿಯನ್ ಕಂಟಿಂಜೆಂಟ್’ ಎಂಬ ಪುಸ್ತಕದಲ್ಲಿ ಈ ಕತೆಯನ್ನು ವಿವರವಾಗಿ ಬರೆದಿದ್ದಾರೆ.

2017ರಲ್ಲಿ ಕ್ರಿಸ್ಟೊಫರ್ ನೋಲನ್ ಅವರ ‘ಡಂಕರ್ಕ್’ ಸಿನಿಮಾ ಬಂದಾಗ ಭಾರತೀಯರು ಅದರಲ್ಲಿ ಇಲ್ಲವೆಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಅದೇ ದೂರನ್ನು ಯೂರಿಚ್‌ರ ಮೇಲೂ ಹೊರಿಸಬಹುದೇ? ಹೊರಿಸಲಾಗದು ಎಂದೇ ನನ್ನ ಅಭಿಪ್ರಾಯ. ನೋಲನ್ ಕ್ಯಾಮೆರಾ ಮುಖಗಳ ಹತ್ತಿರ ಹೋಗುತ್ತದೆ. ಹತ್ತಿರ ಹೋದವನು ಯಾರ ಮುಖ ತೋರಿಸಬೇಕೆಂದು ಆರಿಸಲೇಬೇಕು, ಆ ಆಯ್ಕೆಗೆ ಅವನು ಉತ್ತರ ಹೇಳಬೇಕು. ಯೂರಿಚ್‌ರ ಇರುವೆಗಳಿಗೆ ಬಣ್ಣವಿಲ್ಲ, ಧರ್ಮವಿಲ್ಲ. ಅಲ್ಲಿ ಪಂಜಾಬಿನವನೂ ಇರಬಹುದು, ಫ್ರೆಂಚನೂ ಇರಬಹುದು. ಯಾರನ್ನೂ ಹೊರಗಿಟ್ಟಿಲ್ಲ ಎಂಬ ಅರ್ಥದಲ್ಲಿ ಈ ಚಿತ್ರ ಸಿನಿಮಾಗಿಂತ ಉದಾರ.

ಆದರೆ ಈ ಔದಾರ್ಯದಲ್ಲೂ ಒಂದು ಮೋಸವಿದೆ. ಮುಖವಿಲ್ಲದ ಕಡೆ ನೋಡುವವನು ತನಗೆ ಗೊತ್ತಿರುವ ಮುಖವನ್ನೇ ಅಂಟಿಸಿಕೊಳ್ಳುತ್ತಾನೆ. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಈ ಚಿತ್ರವನ್ನು ನೋಡಿದ ಬಹುತೇಕರು ಆ ಇರುವೆಗಳಿಗೆಲ್ಲ ಒಂದೇ ಬಗೆಯ ಇಂಗ್ಲಿಷ್ ಮುಖ ಕೊಟ್ಟಿರುತ್ತಾರೆ. ಪರೀಕ್ಷೆಗೆ ಓದುವಾಗ ನಾವೂ ಕೊಟ್ಟಿರುತ್ತೇವೆ. ಅಂದರೆ ಈ ಚಿತ್ರದಲ್ಲಿ ಅರ್ಧ ಕೆಲಸ ನೋಡುವವನದ್ದು. ಎಷ್ಟು ತಿಳಿದುಕೊಂಡು ಬರುತ್ತೇವೋ ಅಷ್ಟು ಜನ ಅದರಲ್ಲಿ ಕಾಣುತ್ತಾರೆ.

ನಮಗೆ ಇದು ದೂರದ ಮಾತೂ ಅಲ್ಲ. 1990ರಲ್ಲಿ ಇರಾಕ್ ಕುವೈತ್ ಮೇಲೆ ಬಿದ್ದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ತಂದರು. ಮಂಗಳೂರು, ಉಡುಪಿ ಕಡೆಯವರು ಅವರಲ್ಲಿ ಕಡಿಮೆಯೇನಿರಲಿಲ್ಲ. 2015ರಲ್ಲಿ ಯೆಮನ್ ಯುದ್ಧದ ನಡುವೆ ‘ಐಎನ್‌ಎಸ್ ಸುಮಿತ್ರಾ’ ಏಡನ್ ಬಂದರಿನಿಂದ 349 ಮಂದಿಯನ್ನು ಜಿಬೂಟಿಗೆ ತಲುಪಿಸಿತು. ಎರಡರಲ್ಲೂ ನಮ್ಮ ನೆನಪಿಗೆ ಬರುವುದು ಸಂಖ್ಯೆ ಮತ್ತು ಹೆಮ್ಮೆ. ಯೂರಿಚ್‌ರ ಎತ್ತರದಲ್ಲೇ ನಿಂತು ನಾವೂ ನೋಡುತ್ತೇವೆ. ಅಂಗಡಿಯ ಬೀಗದ ಕೈಯನ್ನು ಯಾರಿಗೆ ಕೊಟ್ಟು ಬಂದರು, ಸಂಬಳದ ಬಾಕಿ ಏನಾಯಿತು, ಯಾರನ್ನು ಹಿಂದೆ ಬಿಟ್ಟರು ಎಂಬುದನ್ನು ಹತ್ತಿರದಿಂದ ಹೇಳುವ ಕೆಲಸ ಕತೆಗಾರರದ್ದು. ನಮ್ಮ ಬಳಗದಲ್ಲೇ ಕೊಲ್ಲಿಯಿಂದ ಬಂದವರಿದ್ದಾರೆ, ಬರೆಯಬಲ್ಲವರೂ ಇದ್ದಾರೆ.

ಇನ್ನೊಂದು ಸಂಗತಿ ಹೇಳದೆ ಮುಗಿಸಲಾರೆ. ಬ್ರಿಟಿಷರ ಈ ವೀರಗಾಥೆಯನ್ನು ಬರೆದ ರಿಚರ್ಡ್ ಯೂರಿಚ್‌ರ ತಂದೆ ಹುಟ್ಟಿದ್ದು ಜರ್ಮನಿಯ ಕೆಮ್ನಿಟ್ಸ್‌ನಲ್ಲಿ. ಹುಡುಗನಾಗಿದ್ದಾಗ ಬ್ರಾಡ್‌ಫರ್ಡ್‌ಗೆ ಬಂದು, ಅಲ್ಲಿಯೇ ವೈದ್ಯರಾಗಿ, ಉಣ್ಣೆ ಗಿರಣಿಯ ಕೆಲಸಗಾರರನ್ನು ಕೊಲ್ಲುತ್ತಿದ್ದ ಆಂತ್ರಾಕ್ಸ್ ರೋಗದ ಮೇಲೆ ವರ್ಷಗಟ್ಟಲೆ ದುಡಿದವರು. ಅಂಥ ವಲಸಿಗನ ಮಗ, ಇಂಗ್ಲೆಂಡ್ ಜರ್ಮನಿಯ ವಿರುದ್ಧ ಹೋರಾಡುತ್ತಿದ್ದಾಗ, ‘ನಮ್ಮ ಪರಂಪರೆ’ ಎಂದು ಕಾಗದ ಬರೆದು ಈ ಚಿತ್ರವನ್ನು ಕೇಳಿ ಪಡೆದ. ಅವನು ಆ ‘ನಮ್ಮ’ ಎಂಬ ಪದಕ್ಕೆ ಯಾರ ಅಪ್ಪಣೆಗೂ ಕಾಯಲಿಲ್ಲ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಡಂಕರ್ಕ್ ಪಾಠ ಓದಿ ಮನೆಗೆ ಬಂದಾಗ, ಹೇಸರಗತ್ತೆಯ ಕತೆಯನ್ನೂ ಯೂರಿಚ್‌ರ ತಂದೆಯ ಕತೆಯನ್ನೂ ಸೇರಿಸಿ ಹೇಳಿದರೆ ಆ ಪದ ಅವರಿಗೂ ಸುಲಭವಾಗಿ ಬಾಯಿಗೆ ಬಂದೀತು.

ಈ ಚಿತ್ರ ಶ್ರೇಷ್ಠವೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಅದು ಹಿಂದೆಗೆತದ ದನಿಯ ಚಿತ್ರ, ಆ ದನಿಯನ್ನು ಅಷ್ಟು ಚೆನ್ನಾಗಿ ಹೇಳಿದ ಕಡಲಚಿತ್ರ ನಾನು ಬೇರೆ ಕಂಡಿಲ್ಲ. ಪಾರಾದವರ ದನಿ ಬೇಕೆಂದರೆ ಟೇಟ್‌ನ ಆ ಇನ್ನೊಂದು ಚಿತ್ರದ ಹತ್ತಿರ ಹೋಗಬೇಕು. ಎರಡನ್ನೂ ಒಟ್ಟಿಗೆ ತೆರೆದು ನೋಡಿ, ನಿಮಗೆ ಏನನಿಸಿತು ಎಂದು ಬಳಗಕ್ಕೆ ಬರೆಯಿರಿ. ಒಪ್ಪದವರ ಕಾಗದಗಳಿಗೆ ವಿಶೇಷ ಸ್ವಾಗತ.